ಸಂಜೆಯಾದರೆ ಅಳುವ ಪಾಪು: ಜೋಲಿಯಾ, ಡ್ರಾಪ್ಸಾ, ಎತ್ತಿಕೊಂಡು ಓಡಾಡೋದಾ?

ಹಾಲು ಕುಡಿದಾಗಿದೆ, ತೇಗಿದ್ದಾಗಿದೆ, ಬಟ್ಟೆ ಬದಲಾಯಿಸಿದ್ದಾಗಿದೆ, ಜ್ವರ ಇಲ್ಲ. ಆದರೂ ಸಂಜೆ ಆರಕ್ಕೆ ಶುರುವಾದ ಅಳು ಒಂಬತ್ತೂವರೆಯಾದರೂ ನಿಲ್ಲುವುದಿಲ್ಲ. ಇಂಥ ಪಾಪು ಮನೆಯಲ್ಲಿದ್ದರೆ ಸಲಹೆಗಂತೂ ಬರ ಇರುವುದಿಲ್ಲ. ಅತ್ತೆ ಗ್ರೈಪ್ ವಾಟರ್ ಅನ್ನುತ್ತಾರೆ, ಅಮ್ಮ ಬಜೆ ತೇಯ್ದು ನೆಕ್ಕಿಸು ಅನ್ನುತ್ತಾರೆ, ಪಕ್ಕದ ಮನೆಯವರು ದೃಷ್ಟಿ ಆಗಿದೆ ಅನ್ನುತ್ತಾರೆ, ಮೊಬೈಲ್ ತೆಗೆದರೆ ತಾನೇ ತೂಗುವ ತೊಟ್ಟಿಲಿನ ಜಾಹೀರಾತು. ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಿ ನೋಡಿ ಸುಸ್ತಾದವರು ತುಮಕೂರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ.

ಹಾಗಾಗಿ ಯಾವುದನ್ನು ಆರಿಸಿಕೊಳ್ಳಬೇಕು ಅಂತ ನೋಡೋಣ. ಆದರೆ ಅಳು ನಿಲ್ಲುತ್ತದಾ ಅನ್ನೋದನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ. ಪ್ರತಿ ಸಲ ನಿಲ್ಲಿಸುವ ಉಪಾಯ ಯಾವುದೂ ಇಲ್ಲ. ನಾನು ಬೇರೆ ಮೂರು ಪ್ರಶ್ನೆ ಕೇಳುತ್ತೇನೆ. ಮಗುವಿಗೆ ಇದರಿಂದ ತೊಂದರೆ ಇಲ್ಲ ತಾನೇ? ಹೆತ್ತವಳನ್ನು ಬಿಟ್ಟು ಬೇರೆಯವರೂ ಇದನ್ನು ಮಾಡಬಹುದಾ? ರಾತ್ರಿ ಹತ್ತು ಗಂಟೆಗೆ, ಮೈ ಸೋತಿರುವಾಗ, ಎರಡು ಮೂರು ತಿಂಗಳು ಮಾಡಲು ಆಗುತ್ತದಾ? ಎರಡನೇ ಪ್ರಶ್ನೆಯೇ ಮುಖ್ಯ. ತಾಯಿ ಒಬ್ಬಳೇ ಮಾಡಬಲ್ಲ ಉಪಾಯ ಎಷ್ಟೇ ಚೆನ್ನಾಗಿದ್ದರೂ ಹದಿನೈದು ದಿನದಲ್ಲಿ ಅವಳನ್ನು ಹಾಸಿಗೆ ಹಿಡಿಸುತ್ತದೆ.

ಮೊದಲು ಒಂದು ಲೆಕ್ಕ

ಮೊದಲ ಆರು ವಾರ ಎಳೆ ಮಕ್ಕಳು ಸರಾಸರಿ ದಿನಕ್ಕೆ ಎರಡು ಗಂಟೆ ಅಳುತ್ತವೆ. ಇದು ಎಲ್ಲ ಮಕ್ಕಳ ಸರಾಸರಿ, ಹಟಮಾರಿಗಳದ್ದಲ್ಲ. 1954ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಮಾರಿಸ್ ವೆಸೆಲ್ ಮತ್ತು ಜೊತೆಯವರು ಒಂದು ಮೂರರ ಲೆಕ್ಕ ಕೊಟ್ಟರು: ದಿನಕ್ಕೆ 3 ಗಂಟೆಗಿಂತ ಜಾಸ್ತಿ, ವಾರದಲ್ಲಿ 3 ದಿನಕ್ಕಿಂತ ಜಾಸ್ತಿ, ಹೀಗೆ 3 ವಾರ. ಉಳಿದಂತೆ ಆರೋಗ್ಯವಾಗಿರುವ ಮಗು ಇಷ್ಟು ಅತ್ತರೆ ಅದು ಕಾಲಿಕ್. ಹೆಚ್ಚು ಕಡಿಮೆ ಐದರಲ್ಲಿ ಒಂದು ಮಗು ಹೀಗಿರುತ್ತದೆ. ಹುಟ್ಟಿ ಎರಡು ವಾರದ ಹೊತ್ತಿಗೆ ಶುರುವಾಗಿ, ಆರನೇ ವಾರ ತಾರಕಕ್ಕೇರಿ, ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ.

ಈ ಲೆಕ್ಕ ಯಾಕೆ ಹೇಳಿದೆ ಅಂದರೆ, ಮೂರನೇ ತಿಂಗಳಲ್ಲಿ ಯಾವ ಬಾಟಲಿ ಕೈಯಲ್ಲಿತ್ತೋ ಅದಕ್ಕೇ ಹೆಸರು ಬರುತ್ತದೆ. 'ನಮ್ಮ ಮಗುವಿಗೆ ಇದೇ ಹಾಕಿದ್ದು, ಎರಡೇ ದಿನಕ್ಕೆ ಸರಿಹೋಯ್ತು' ಅಂತ ಯಾರಾದರೂ ಹೇಳಿದರೆ ಆಗ ಮಗುವಿಗೆ ಎಷ್ಟು ತಿಂಗಳಾಗಿತ್ತು ಅಂತ ಕೇಳಿ. ಉತ್ತರ ಅಲ್ಲೇ ಇರುತ್ತದೆ.

ಇನ್ನೊಂದು ಕೆಲಸ. ಅಳು ಇದ್ದಕ್ಕಿದ್ದಂತೆ ಬೇರೆ ಥರ ಅನ್ನಿಸಿದ ದಿನ ಮಗುವಿನ ಬಟ್ಟೆ ಪೂರ್ತಿ ಬಿಚ್ಚಿ, ಬೆಳಕಿಗೆ ತಂದು, ಉದ್ದಕ್ಕೂ ನೋಡಿ. ಕಾಲ್ಬೆರಳುಗಳ ಸಂದು ಬಿಡಿಸಿ. ಬಾಣಂತಿಯ ತಲೆಕೂದಲು ಉದುರುವ ಕಾಲ ಅದು. ಒಂದು ಕೂದಲು ಕಾಲುಚೀಲದೊಳಗೆ ಸೇರಿ ಬೆರಳಿಗೆ ಸುತ್ತಿಕೊಂಡರೆ ಬೆರಳು ಊದಿ ಕೆಂಪಾಗುತ್ತದೆ, ಕೂದಲು ಮಾಂಸದಲ್ಲಿ ಹೂತು ಕಣ್ಣಿಗೇ ಬೀಳುವುದಿಲ್ಲ. ಉಡಿದಾರ, ಕೈಗೆ ಕಟ್ಟಿದ ಕಪ್ಪು ದಾರ ಬಿಗಿಯಾಗಿದೆಯಾ ನೋಡಿ. ಮಗು ವಾರದಿಂದ ವಾರಕ್ಕೆ ತುಂಬಿಕೊಳ್ಳುತ್ತದೆ, ದಾರ ಬೆಳೆಯುವುದಿಲ್ಲ. ತೊಡೆಸಂದಿಯಲ್ಲಿ ಗಂಟಿನಂತೆ ಊದಿದೆಯಾ ಅದನ್ನೂ ನೋಡಿ, ಇದ್ದರೆ ಅದು ಹರ್ನಿಯಾ ಇರಬಹುದು, ಆವತ್ತೇ ಡಾಕ್ಟರ್ ಹತ್ತಿರ ಹೋಗಿ.

ಎತ್ತಿಕೊಳ್ಳೋದು: ಹೆಗಲಾ, ಮುಂಗೈಯಾ, ಬಟ್ಟೆಯಲ್ಲಿ ಕಟ್ಟಿಕೊಳ್ಳೋದಾ

ಹೆಗಲ ಮೇಲೆ ಹಾಕಿಕೊಳ್ಳೋದು ಎಲ್ಲರಿಗೂ ಗೊತ್ತು. ತೇಗು ಬರಿಸಲು ಅದೇ ಸರಿ. ಆದರೆ ಗಂಟೆಗಟ್ಟಲೆ ಅಳುವ ಮಗುವಿಗೆ ನನ್ನ ಆಯ್ಕೆ ಮುಂಗೈ. ಮಗುವನ್ನು ಬೋರಲಾಗಿ ನಿಮ್ಮ ಎಡ ಮುಂಗೈ ಮೇಲೆ ಮಲಗಿಸಿ, ಕೆನ್ನೆ ಮೊಣಕೈ ಹತ್ತಿರ, ಕೈಕಾಲು ಎರಡೂ ಕಡೆ ಇಳಿಬಿದ್ದಿರಲಿ, ನಿಮ್ಮ ಅಂಗೈ ಅದರ ತೊಡೆ ಹಿಡಿದಿರಲಿ. ಬಲಗೈ ಬೆನ್ನ ಮೇಲೆ. ಮೂಗು ಬಾಯಿ ಮುಚ್ಚಿಕೊಂಡಿಲ್ಲ ಅಂತ ಆಗಾಗ ನೋಡುತ್ತಿರಬೇಕು, ಅಷ್ಟೇ. ಹೊಟ್ಟೆಯ ಮೇಲೆ ಹದವಾಗಿ ಒತ್ತಡ ಬೀಳುವುದರಿಂದ ಎಷ್ಟೋ ಮಕ್ಕಳು ಇದರಲ್ಲಿ ತಣ್ಣಗಾಗುತ್ತವೆ. ಇದು ಗಂಡಸರಿಗೆ ಹೇಳಿ ಮಾಡಿಸಿದ ಭಂಗಿ. ಕೈ ಉದ್ದ, ಎದೆಯಲ್ಲಿ ಹಾಲಿನ ವಾಸನೆ ಇಲ್ಲ, ಮಗು ಹಾಲಿಗೆ ತಡಕಾಡುವುದಿಲ್ಲ. 'ನನ್ನ ಕೈಯಲ್ಲಿ ಸುಮ್ಮನಾಗಲ್ಲ' ಅನ್ನುವ ಅಪ್ಪಂದಿರಿಗೆ ಮೊದಲು ಇದನ್ನು ಕಲಿಸಿ.

ಸುಮ್ಮನಾದ ಮೇಲೆ ಕೆಳಗಿಡೋದೇ ದೊಡ್ಡ ಪರೀಕ್ಷೆ ಅಲ್ವಾ? ಕಣ್ಣು ಮುಚ್ಚಿತು ಅಂತ ತಕ್ಷಣ ಮಲಗಿಸಿದರೆ ಬೆನ್ನು ಹಾಸಿಗೆಗೆ ತಾಗುವ ಮುಂಚೆಯೇ ಎಚ್ಚರ. ಜಪಾನಿನ ಸಂಶೋಧಕರು 2022ರಲ್ಲಿ ಮಕ್ಕಳ ಎದೆಬಡಿತ ಅಳೆದು ಒಂದು ಕ್ರಮ ಹೇಳಿದರು: ಎತ್ತಿಕೊಂಡು ಐದು ನಿಮಿಷ ಒಂದೇ ಸಮನೆ ನಡೆಯಿರಿ, ಆಮೇಲೆ ಎತ್ತಿಕೊಂಡೇ ಐದರಿಂದ ಎಂಟು ನಿಮಿಷ ಕೂತಿರಿ, ಆಮೇಲೆ ಮಲಗಿಸಿ. ಕೂರುವ ಆ ಎಂಟು ನಿಮಿಷವನ್ನೇ ನಾವೆಲ್ಲ ಬಿಟ್ಟುಬಿಡೋದು, ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ.

ಬಟ್ಟೆಯಲ್ಲಿ ಅಥವಾ ಕ್ಯಾರಿಯರ್‌ನಲ್ಲಿ ಎದೆಗೆ ಕಟ್ಟಿಕೊಂಡರೆ ಕೈ ಖಾಲಿಯಾಗುತ್ತದೆ. ಮಗುವಿನ ಗದ್ದ ಎದೆಗೆ ಅಂಟಿಕೊಂಡಿರಬಾರದು, ಮುಖ ಕಾಣುತ್ತಿರಬೇಕು, ತೊಡೆಗಳು ಕಪ್ಪೆಯ ಕಾಲಿನ ಹಾಗೆ ಅಗಲವಾಗಿರಬೇಕು. ಒಲೆ ಮುಂದೆ ಮಾತ್ರ ಬೇಡ. 1986ರಲ್ಲಿ ಕೆನಡಾದಲ್ಲಿ ಒಂದು ಅಧ್ಯಯನ ನಡೆಯಿತು. ದಿನಕ್ಕೆ ಜಾಸ್ತಿ ಹೊತ್ತು ಎತ್ತಿಕೊಂಡ ಮಕ್ಕಳು ಆರನೇ ವಾರದಲ್ಲಿ ಶೇ. 43ರಷ್ಟು ಕಡಿಮೆ ಅತ್ತವು. ಆದರೆ ಅವು ಸಾಮಾನ್ಯ ಮಕ್ಕಳು. ಮುಂದೆ ಕಾಲಿಕ್ ಇರುವ ಮಕ್ಕಳಲ್ಲೇ ಪರೀಕ್ಷೆ ಮಾಡಿದಾಗ ಆ ಲಾಭ ಕಾಣಲಿಲ್ಲ. ಆದ್ದರಿಂದ ಇಡೀ ದಿನ ಎತ್ತಿಕೊಂಡೂ ಸಂಜೆ ಅತ್ತರೆ ನಿಮ್ಮ ತಪ್ಪಲ್ಲ. ಎತ್ತಿ ಎತ್ತಿ ಅಭ್ಯಾಸ ಮಾಡಿಸಿದ್ದೀಯ ಅನ್ನುವವರ ಮಾತಿಗೂ ತಲೆ ಕೆಡಿಸಿಕೊಳ್ಳಬೇಡಿ. ಎರಡು ತಿಂಗಳ ಮಗುವಿಗೆ ಅಷ್ಟೆಲ್ಲ ಚಾಲಾಕಿ ಇರುವುದಿಲ್ಲ.

ಜೋಲಿಯಾ, ಮರದ ತೊಟ್ಟಿಲಾ, ಕರೆಂಟಿನ ತೊಟ್ಟಿಲಾ

ಸೀರೆ ಜೋಲಿಗೆ ಖರ್ಚಿಲ್ಲ. ಜಂತೆಗೋ ಕೊಂಡಿಗೋ ಹಳೇ ಕಾಟನ್ ಸೀರೆ ಕಟ್ಟಿದರೆ ಆಯ್ತು, ಅಜ್ಜಿ ಚಾಪೆ ಮೇಲೆ ಕೂತು ಕಾಲಲ್ಲೇ ತೂಗಬಹುದು. ತಾಯಿ ಬೇಕಾಗಿಲ್ಲ. ಆ ಲೆಕ್ಕದಲ್ಲಿ ಜೋಲಿಗೆ ಪೂರ್ತಿ ಅಂಕ. ತೊಂದರೆ ಅಂದರೆ ಅದರಲ್ಲಿ ಮಗು ಬಿಲ್ಲಿನ ಹಾಗೆ ಬಾಗುತ್ತದೆ, ಗದ್ದ ಎದೆಗೆ ಒತ್ತಿ ಉಸಿರಿಗೆ ಅಡ್ಡಿಯಾಗಬಹುದು, ಮುಖದ ಮೇಲೆ ಬಟ್ಟೆ ಮುಚ್ಚಿಕೊಳ್ಳಬಹುದು. ಸಮಾಧಾನ ಮಾಡಲು ಜೋಲಿ ಇರಲಿ, ಪಕ್ಕದಲ್ಲಿ ಎಚ್ಚರವಾಗಿ ಒಬ್ಬರು ಇರಲಿ. ರಾತ್ರಿ ನಿದ್ದೆಗೆ ಸಮತಟ್ಟಾದ, ಗಟ್ಟಿಯಾದ ಹಾಸಿಗೆ ಮೇಲೆ ಅಂಗಾತ ಮಲಗಿಸಿ, ಸುತ್ತ ದಿಂಬು ಗೊಂಬೆ ಏನೂ ಬೇಡ.

ಮರದ ತೊಟ್ಟಿಲಲ್ಲಿ ತಳ ಸಮ ಇರುತ್ತದೆ, ಆ ಒಂದು ಕಾರಣಕ್ಕೆ ಅದು ಮೇಲು. ಯಾರದಾದರೂ ಮನೆಯ ಅಟ್ಟದ ಮೇಲೆ ಒಂದು ಇದ್ದೇ ಇರುತ್ತದೆ, ಕೇಳಿ ತನ್ನಿ. ಕರೆಂಟಿನ ತೊಟ್ಟಿಲಿಗೆ ನನ್ನ ಮತ ಇಲ್ಲ. ಕೊಳ್ಳುವ ಹೊತ್ತಿಗೆ ಆರನೇ ವಾರ ದಾಟಿರುತ್ತದೆ, ನಾಲ್ಕನೇ ತಿಂಗಳಿಗೆ ಅದು ಬಟ್ಟೆ ಹಾಕುವ ಜಾಗವಾಗುತ್ತದೆ, ಮಧ್ಯೆ ಕರೆಂಟ್ ಹೋದರೆ ಮತ್ತೆ ನಿಮ್ಮ ಕೈಯೇ.

ಕಾರಿನಲ್ಲಿ ಬಿ.ಎಚ್. ರಸ್ತೆಯಲ್ಲಿ ಕ್ಯಾತ್ಸಂದ್ರದವರೆಗೆ ಒಂದು ಸುತ್ತು ಹಾಕಿಸುವವರಿದ್ದಾರೆ. ಎಷ್ಟೋ ಮಕ್ಕಳು ನಿದ್ದೆ ಹೋಗುತ್ತವೆ ನಿಜ. ಆದರೆ ನಿದ್ದೆಗೆಟ್ಟ ಅಪ್ಪ ರಾತ್ರಿ ಲಾರಿಗಳ ನಡುವೆ ಕಾರು ಓಡಿಸೋದು ಒಳ್ಳೆಯ ಆಯ್ಕೆಯಲ್ಲ. ಸ್ಕೂಟರ್ ಮೇಲಂತೂ ಬೇಡವೇ ಬೇಡ. ಅದರ ಬದಲು ಬೆಳಿಗ್ಗೆ ಅಮಾನಿಕೆರೆ ಕಡೆ ಎತ್ತಿಕೊಂಡು ಹೋಗಿ ಬನ್ನಿ. ಅಳು ಕಡಿಮೆ ಆಗದಿದ್ದರೂ ನಿಮಗೆ ಗಾಳಿ ಬೆಳಕು ಸಿಗುತ್ತದೆ.

ಸುತ್ತೋದು, ಸದ್ದು, ನೀರು

ತೆಳ್ಳಗಿನ ಕಾಟನ್ ಬಟ್ಟೆಯಲ್ಲಿ ಕೈ ಸೇರಿಸಿ ಸುತ್ತಿದರೆ ಮಗು ಬೆಚ್ಚಿ ಬೀಳೋದು ಕಡಿಮೆ. ಸೊಂಟದ ಕೆಳಗೆ ಸಡಿಲ ಇರಲೇಬೇಕು. ಕಾಲು ನೇರ ಮಾಡಿ ಬಿಗಿಯಾಗಿ ಕಟ್ಟಿದರೆ ಸೊಂಟದ ಕೀಲಿಗೆ ಪೆಟ್ಟು. ಸುತ್ತಿದ ಮಗುವನ್ನು ಅಂಗಾತವೇ ಮಲಗಿಸಿ, ಮಗ್ಗುಲಾಗಲು ಪ್ರಯತ್ನ ಮಾಡಿದ ದಿನವೇ ಸುತ್ತೋದು ನಿಲ್ಲಿಸಿ. ಏಪ್ರಿಲ್ ಬಿಸಿಲಲ್ಲಿ ಸ್ವೆಟರ್, ಟೋಪಿ, ಮೇಲೊಂದು ಕಂಬಳಿ ಹಾಕಿ 'ಶೀತ ಆಗುತ್ತೆ' ಅನ್ನುವವರ ಮನೆಯಲ್ಲಿ ಮಗು ಸೆಕೆಗೇ ಅಳುತ್ತಿರಬಹುದು. ಕತ್ತಿನ ಹಿಂದೆ ಕೈ ಇಟ್ಟು ನೋಡಿ, ಬೆವರಿದ್ದರೆ ಒಂದು ಪದರ ತೆಗೆಯಿರಿ.

ಸದ್ದಿಗೆ ಹಳೇ ಫ್ಯಾನಿನ ಗರಗರ ಸಾಕು, ಕಿವಿ ಹತ್ತಿರ ಶ್... ಅಂತ ಎಳೆದು ಹೇಳಿದರೂ ಸಾಕು. ಮೊಬೈಲಿನಲ್ಲಿ ಮಳೆ ಸದ್ದು ಹಾಕುವುದಾದರೆ ಮಗುವಿನಿಂದ ಆರೇಳು ಅಡಿ ದೂರ ಇಡಿ, ಸಣ್ಣಗೆ ಇರಲಿ, ನಿದ್ದೆ ಬಂದ ಮೇಲೆ ಆಫ್ ಮಾಡಿ. ಮಿಕ್ಸಿ ಹಾಕಿ ಸುಮ್ಮನಿರಿಸೋದು ಬೇಡ.

ಎಣ್ಣೆ ನೀರು ನಮ್ಮ ಕಡೆ ಬೆಳಿಗ್ಗೆಯೇ. ಅಳುವ ಮಗುವಿಗೆ ಸಂಜೆ ಐದಕ್ಕೆ ಬದಲಾಯಿಸಿ ನೋಡಿ, ಗಲಾಟೆ ಶುರುವಾಗುವ ಮುಂಚೆ. ನೀರು ಹಾಕುವ ಅಜ್ಜಿಗೆ ಎರಡು ಮಾತು ಮೊದಲೇ ಹೇಳಿಬಿಡಿ: ಮೂಗಿಗೂ ಕಿವಿಗೂ ಎಣ್ಣೆ ಬೇಡ, ಸಾಂಬ್ರಾಣಿ ಹೊಗೆ ಮಗು ಇರುವ ಕೋಣೆಯಲ್ಲಿ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಅಜ್ಜಿಗೆ ಬೇಜಾರಾಗುತ್ತದೆ, ಆಗಲಿ.

ಹೊಟ್ಟೆಗೆ ಹಾಕುವ ವಿಷಯ

ಇಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ ಅನ್ನೋದು ನಿಯಮ, ಡಾಕ್ಟರ್ ಬರೆದುಕೊಟ್ಟ ಔಷಧಿ, ಡ್ರಾಪ್ಸ್ ಮಾತ್ರ ಇದಕ್ಕೆ ಹೊರತು. ಎದೆಹಾಲು ಸಾಲದೆ ಡಬ್ಬಿ ಹಾಲು ಕೊಡುತ್ತಿದ್ದರೂ ಮನೆಮದ್ದಿಗೆ ಅದು ಪರವಾನಗಿ ಅಲ್ಲ.

ಗ್ರೈಪ್ ವಾಟರ್‌ಗೆ ವಯಸ್ಸು ಜಾಸ್ತಿ. ಇಂಗ್ಲೆಂಡಿನಲ್ಲಿ 1851ರಲ್ಲಿ ವಿಲಿಯಂ ವುಡ್‌ವರ್ಡ್ ಮಾಡಿದ ಮೂಲ ಔಷಧಿಯಲ್ಲಿ ಆಲ್ಕೊಹಾಲ್ ಇತ್ತು, ಮಕ್ಕಳು ಸುಮ್ಮನಾಗುತ್ತಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ. ಆಲ್ಕೊಹಾಲ್ ಆಮೇಲೆ ಹೋಯಿತು, ಸಬ್ಬಸಿಗೆ ಎಣ್ಣೆಯೂ ಸೋಡಾವೂ ಉಳಿದವು, ಹೆಸರೂ ಉಳಿಯಿತು. ಕಾಲಿಕ್ ಅಳು ಇದರಿಂದ ನಿಲ್ಲುತ್ತದೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಸಿಹಿ ನಾಲಿಗೆಗೆ ತಾಗಿ ಒಂದೆರಡು ನಿಮಿಷ ಸುಮ್ಮನಿರುತ್ತದೆ, ಅಷ್ಟೇ.

ಸಿಮೆಥಿಕೋನ್ ಡ್ರಾಪ್ಸ್ ಮೆಡಿಕಲ್ ಸ್ಟೋರಿನಲ್ಲಿ ಎಲ್ಲರೂ ಕೊಡುವ ಔಷಧಿ. ಗ್ಯಾಸಿನ ಗುಳ್ಳೆ ಒಡೆಯುತ್ತದೆ. ಆದರೆ ಪ್ರಯೋಗಗಳಲ್ಲಿ ಔಷಧಿ ಇಲ್ಲದ ಬರೀ ಹುಸಿ ಡ್ರಾಪ್ಸ್ ಕೊಟ್ಟ ಮಕ್ಕಳಿಗಿಂತ ಇದನ್ನು ಕೊಟ್ಟ ಮಕ್ಕಳು ಕಡಿಮೆ ಅಳಲಿಲ್ಲ. ತೊಂದರೆ ಕಡಿಮೆ, ಲಾಭವೂ ಕಡಿಮೆ. ಅತ್ತೆಯವರ ಸಮಾಧಾನಕ್ಕೆ ಏನಾದರೂ ಹಾಕಲೇಬೇಕು ಅನ್ನುವ ಪರಿಸ್ಥಿತಿ ಇದ್ದರೆ, ಡಾಕ್ಟರನ್ನು ಕೇಳಿ, ಅವರು ಹೇಳಿದಷ್ಟೇ ಹಾಕಿ. ಲ್ಯಾಕ್ಟೋಬ್ಯಾಸಿಲಸ್ ರಾಯಿಟರಿ ಅನ್ನುವ ಪ್ರೊಬಯಾಟಿಕ್ (ಹೊಟ್ಟೆಗೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ) ಡ್ರಾಪ್ಸ್ ಒಂದಕ್ಕೆ ಮಾತ್ರ ಪರವಾಗಿಲ್ಲ ಅನ್ನುವಂಥ ಫಲಿತಾಂಶ ಸಿಕ್ಕಿದೆ. ಅದೂ ಎದೆಹಾಲು ಕುಡಿಯುವ ಮಕ್ಕಳಲ್ಲಿ. ಡಬ್ಬಿ ಹಾಲಿನ ಮಕ್ಕಳಲ್ಲಿ ಅಷ್ಟು ಸ್ಪಷ್ಟ ಇಲ್ಲ. ದುಡ್ಡು ಹಾಕಲೇಬೇಕು ಅಂದರೆ, ಡಾಕ್ಟರ್ ಒಪ್ಪಿದರೆ, ಇಲ್ಲಿ ಹಾಕಿ.

ಮುಟ್ಟಲೇಬಾರದವು ಇವು. ಡೈಸೈಕ್ಲೊಮಿನ್ ಇರುವ ಹೊಟ್ಟೆನೋವಿನ ಔಷಧಿ, ಆರು ತಿಂಗಳ ಒಳಗಿನ ಮಕ್ಕಳಿಗೆ ಉಸಿರಾಟವೇ ನಿಲ್ಲುವ ಅಪಾಯ ಇದೆ, ದೊಡ್ಡ ಮಗುವಿಗೆ ತಂದ ಬಾಟಲಿ ಮನೆಯಲ್ಲಿದ್ದರೆ ದೂರ ಇಡಿ. ಜೇನುತುಪ್ಪ, ಒಂದು ವರ್ಷದವರೆಗೆ ಬೊಟುಲಿಸಂ (ಬ್ಯಾಕ್ಟೀರಿಯಾದ ವಿಷದಿಂದ ಮೈ ಸೋಲುವ ಕಾಯಿಲೆ) ಭಯ. ಬಾಯಿಗೆ ಹರಳೆಣ್ಣೆ. ಬಜೆ ತೇಯ್ದು ಕುಡಿಸೋದು ನಮ್ಮ ಅಜ್ಜಿಯರಿಂದ ಬಂದದ್ದೇ, ಆದರೆ ಆ ಬೇರಿನಲ್ಲಿರುವ ಅಸರೋನ್ ವಿಷಕಾರಿ ಅಂತ ಗೊತ್ತಾಗಿದೆ, ಕಲ್ಲಿನ ಮೇಲೆ ಎಷ್ಟು ತೇಯ್ದರೆ ಎಷ್ಟು ಹೋಗುತ್ತದೆ ಅನ್ನೋ ಅಳತೆ ಯಾರಿಗೂ ಇಲ್ಲ. ಬೇಕಾದರೆ ಕೈಗೆ ಬಜೆ ಬಳೆ ಕಟ್ಟಿ, ಬಾಯಿಗೆ ಸಿಗದ ಹಾಗೆ. ಹೊಕ್ಕುಳು ಒಣಗಿದ ಮೇಲೆ ಸುತ್ತ ಇಂಗು ಹಚ್ಚುತ್ತೇನೆ ಅಂದರೆ ನನ್ನದೇನೂ ತಕರಾರಿಲ್ಲ, ಚರ್ಮ ಕೆಂಪಾದರೆ ಬಿಡಿ. ಹೊಟ್ಟೆಗೆ ಬರೆ ಹಾಕಿಸೋಣ ಅಂತ ಯಾರಾದರೂ ಅಂದರೆ ಮಗುವನ್ನು ಅವರ ಕೈಗೆ ಕೊಡಬೇಡಿ. ದೃಷ್ಟಿ ತೆಗೆಯೋದರಿಂದ ಮಗುವಿಗೆ ಏನೂ ಆಗುವುದಿಲ್ಲ, ಮೆಣಸಿನಕಾಯಿ ಸುಡೋದನ್ನು ಮಾತ್ರ ಮನೆ ಹೊರಗೆ ಮಾಡಿ.

ತಾಯಿಯ ಊಟ ಕಡಿಮೆ ಮಾಡಬೇಕಾ? 'ಬದನೆಕಾಯಿ ತಿಂದೆ ಅದಕ್ಕೇ ಅಳ್ತಿದೆ' ಅನ್ನುವ ಮಾತಿಗೆ ಬಾಣಂತಿಯನ್ನು ಸಾರನ್ನಕ್ಕೆ ಇಳಿಸಬೇಡಿ. ಹಸುವಿನ ಹಾಲಿನ ಪ್ರೋಟೀನ್ ಒಗ್ಗದ ಮಕ್ಕಳು ಕೆಲವರಿದ್ದಾರೆ ನಿಜ, ಮಲದಲ್ಲಿ ರಕ್ತ, ಮೈಮೇಲೆ ಕಜ್ಜಿಯಂಥ ದದ್ದು, ಬಹಳ ವಾಂತಿ ಇದ್ದರೆ ಡಾಕ್ಟರ್ ಎರಡು ವಾರ ತಾಯಿಗೆ ಹಾಲು ಮೊಸರು ಬಿಡಿಸಿ ನೋಡಬಹುದು. ಸುಮ್ನೆ ಬಿಡಿಸೋದಲ್ಲ. ಇನ್ನು 'ನಿನಗೆ ಹಾಲು ಸಾಲ್ತಿಲ್ಲ, ಡಬ್ಬಿ ತನ್ನಿ' ಅನ್ನುವ ತೀರ್ಮಾನಕ್ಕೆ ಅಳು ಸಾಕ್ಷಿಯಲ್ಲ. ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯುತ್ತಿದೆಯಾ, ತೂಕ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿದೆಯಾ, ಇವೆರಡನ್ನು ನೋಡಿ. ಅಂಗನವಾಡಿಯಲ್ಲಿ ತೂಕ ಹಾಕುತ್ತಾರೆ.

ತವರಾ, ಗಂಡನ ಮನೆಯಾ, ಯಾರು ಯಾವ ಹೊತ್ತು

ಇದು ವಸ್ತು ಕೊಳ್ಳುವ ಪ್ರಶ್ನೆ ಅಲ್ಲ, ಆದರೆ ನನಗೆ ಕೇಳಿದರೆ ದೊಡ್ಡ ಆಯ್ಕೆ ಇದೇ. ಗುಬ್ಬಿಯಲ್ಲೋ ತಿಪಟೂರಿನಲ್ಲೋ ತವರು, ತುಮಕೂರಿನಲ್ಲಿ ಬಾಡಿಗೆ ಮನೆ. ಮೂರು ತಿಂಗಳೋ ಐದು ತಿಂಗಳೋ ಬಾಣಂತನ. ತವರಿನಲ್ಲಿ ಕೈ ಜಾಸ್ತಿ: ಅಮ್ಮ, ಚಿಕ್ಕಮ್ಮ, ತಮ್ಮ, ಅಕ್ಕಪಕ್ಕದ ಹುಡುಗಿಯರು. ಅಳು ತಾರಕಕ್ಕೇರುವ ಆರನೇ ವಾರ ಅಲ್ಲೇ ಕಳೆಯೋದು ಜಾಣತನ. ಆದರೆ ಒಂದು ತೊಂದರೆ ಇದೆ. ಭಾನುವಾರ ಮಧ್ಯಾಹ್ನ ಬಂದು ಊಟ ಮಾಡಿ ಐದಕ್ಕೆ ಬಸ್ ಹತ್ತುವ ಅಪ್ಪ ನೋಡೋದು ನಿದ್ದೆ ಮಾಡುವ ಮಗುವನ್ನು ಮಾತ್ರ. 'ಎಲ್ಲಿ ಅಳುತ್ತೆ, ಎಷ್ಟು ಚೆನ್ನಾಗಿದ್ದಾನೆ' ಅಂತ ಹೇಳಿ ಹೋಗುತ್ತಾನೆ. ಶನಿವಾರ ರಾತ್ರಿಯೇ ಬರಲಿ, ಏಳರಿಂದ ಹತ್ತು ಅವನ ಪಾಳಿ ಆಗಲಿ.

ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವವರು, ವಸಂತನರಸಾಪುರದಲ್ಲಿ ಶಿಫ್ಟ್ ಮಾಡುವವರು, ಇವರಿಗೆಲ್ಲ ಒಂದೇ ಥರ ಪಾಳಿ ಹೊಂದುವುದಿಲ್ಲ. ಒಬ್ಬರಿಗೆ ಸತತ ನಾಲ್ಕೈದು ಗಂಟೆ ನಿದ್ದೆ ಸಿಗುವ ಹಾಗೆ ಹಂಚಿಕೊಳ್ಳಿ. ಇಬ್ಬರೂ ಜೊತೆಗೇ ಎದ್ದು ಕೂರೋದು ಪ್ರೀತಿಯ ಲಕ್ಷಣ ಇರಬಹುದು, ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಬಾರದವರಾಗುತ್ತೀರಿ. ಒಂಬತ್ತಕ್ಕೆ ಹಾಲು ಕುಡಿಸಿದ ತಾಯಿ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿ ಮಲಗಲಿ, ಮುಂದಿನ ಹಾಲಿನ ಹೊತ್ತಿನವರೆಗೆ ಮುಂಗೈ ಭಂಗಿ, ಐದು ನಿಮಿಷದ ನಡಿಗೆ, ಜೋಲಿ, ಇವೆಲ್ಲ ಉಳಿದವರ ಕೆಲಸ.

ಯಾರೂ ಇಲ್ಲದ ಹೊತ್ತು ತಲೆ ಸಿಡಿಯುವಷ್ಟು ಕೋಪ ಬಂದರೆ ಮಗುವನ್ನು ಅಂಗಾತ, ಬೀಳದ ಜಾಗದಲ್ಲಿ ಮಲಗಿಸಿ ಕೋಣೆಯಿಂದ ಹೊರಗೆ ಬನ್ನಿ. ಹತ್ತು ನಿಮಿಷ. ಮುಖ ತೊಳೆಯಿರಿ, ಯಾರಿಗಾದರೂ ಫೋನ್ ಮಾಡಿ. ಹತ್ತು ನಿಮಿಷ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಹಿಡಿದು ಅಲ್ಲಾಡಿಸಿದರೆ ಕೆಲವೇ ಸೆಕೆಂಡಿನಲ್ಲಿ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು, ಜೀವವೇ ಹೋಗಬಹುದು. ಮನೆಯಲ್ಲಿ ಮಗು ಎತ್ತಿಕೊಳ್ಳುವ ಎಲ್ಲರಿಗೂ, ಮಾವನವರಿಗೂ ಸೇರಿಸಿ, ಇದನ್ನು ಬಾಯಿಬಿಟ್ಟು ಹೇಳಿ. ಮಗು ಮಲಗಿದ್ದರೂ ತಾಯಿಗೆ ನಿದ್ದೆ ಬರುತ್ತಿಲ್ಲ, ಯಾವಾಗಲೂ ಅಳು ಬರುತ್ತದೆ, ಮಗು ಬೇಡ ಅನ್ನಿಸುತ್ತದೆ, ಹೀಗೆ ಎರಡು ವಾರ ಇದ್ದರೆ ಅದು ಬಾಣಂತಿ ಖಿನ್ನತೆ. ಅಪ್ಪಂದಿರಿಗೂ ಬರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಗುವಿಗೋ ತನಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಆವತ್ತೇ ಆಸ್ಪತ್ರೆಗೆ.

ಯಾರ ಹತ್ತಿರ ತೋರಿಸೋದು

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕು ಅನ್ನೋದು ಸರ್ಕಾರದ ಕ್ರಮ. 42ನೇ ದಿನ ಅಂದರೆ ಸರಿಯಾಗಿ ಆರನೇ ವಾರ, ಅಳು ತಾರಕದಲ್ಲಿರುವ ಹೊತ್ತು. ಆವತ್ತು ಎಲ್ಲ ಹೇಳಿಕೊಳ್ಳಿ, ಹಾಲು ಕುಡಿಸುವಾಗ ಮಗು ಸರಿಯಾಗಿ ಹಿಡಿಯುತ್ತಿದೆಯಾ ಅಂತ ನೋಡಿಸಿ. ಸಾಮಾನ್ಯ ಅಳುವಿಗೆ ಹತ್ತಿರದ ಮಕ್ಕಳ ಡಾಕ್ಟರ್ ಸಾಕು. ವಾರಕ್ಕೊಬ್ಬ ಡಾಕ್ಟರ್ ಬದಲಾಯಿಸಿದರೆ ಬಾಟಲಿ ಜಾಸ್ತಿಯಾಗುತ್ತದೆ ಹೊರತು ತೂಕದ ಲೆಕ್ಕ ಯಾರ ಕೈಯಲ್ಲೂ ಇರುವುದಿಲ್ಲ.

ಆದರೆ ಮೂರು ತಿಂಗಳ ಒಳಗಿನ ಮಗುವಿಗೆ 100.4 ಡಿಗ್ರಿ ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ಹಾಲೇ ಬೇಡ ಅನ್ನೋದು, ಎಬ್ಬಿಸಿದರೂ ಏಳದ ಮಂಪರು, ಉಬ್ಬಿದ ನೆತ್ತಿ, ಉಸಿರಿಗೆ ಕಷ್ಟ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅನ್ನಬೇಡಿ. ಜಿಲ್ಲಾಸ್ಪತ್ರೆಗೆ ಹೋಗಿ, ಗಾಡಿ ಇಲ್ಲದಿದ್ದರೆ 108. ಬೆಂಗಳೂರಿಗೇ ಹೋಗೋಣ ಅಂತ 70 ಕಿಲೋಮೀಟರ್ ನೇರ ಹೊರಡೋದಕ್ಕಿಂತ ಮೊದಲು ಇಲ್ಲೇ ತೋರಿಸಿ, ಬೇಕಿದ್ದರೆ ಅವರೇ ಕಳಿಸುತ್ತಾರೆ.

ಜ್ವರ ಗಿರ ಇಲ್ಲದೆ ಬರೀ ಅಳುವಿಗೆ ತೋರಿಸಲು ಹೋಗುವ ಮುಂಚೆ ಅಳುವಾಗಿನ ಒಂದು ನಿಮಿಷದ ವಿಡಿಯೋ ಮೊಬೈಲಿನಲ್ಲಿ ಮಾಡಿಕೊಳ್ಳಿ, ಎಷ್ಟು ಗಂಟೆಗೆ ಶುರು ಎಷ್ಟಕ್ಕೆ ನಿಂತಿತು ಅಂತ ಮೂರ್ನಾಲ್ಕು ದಿನ ಕ್ಯಾಲೆಂಡರ್ ಮೇಲೆ ಬರೆದಿಡಿ. ಡಾಕ್ಟರ್ ಟೇಬಲ್ ಮೇಲೆ ಮಲಗಿಸಿದ ತಕ್ಷಣ ಫ್ಯಾನ್ ನೋಡಿಕೊಂಡು ನಗುವ ಮಕ್ಕಳೇ ಜಾಸ್ತಿ.